ಗೆಜ್ಜೆಗಂಟೆಯವಳು

ನಮ್ಮಣ್ಣ ಸಿನಿಮಾಗಳಿಗೆ ಸಂಗೀತ ಬರೆಯುತ್ತಾನೆ. ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಾರೆ. ಆ ಬಿರುದು ಕೊಟ್ಟವರು ಯಾರೆಂದು ಕೇಳಬೇಡಿ, ಮೊದಲು ತನ್ನನ್ನು ಹಾಗೆ ಕರೆದುಕೊಂಡವನು ಅವನೇ. ನಾನು ಅವನ ವಾದ್ಯವೃಂದದಲ್ಲಿ ವಯೊಲಾ ನುಡಿಸುತ್ತೇನೆ. ಪಿಟೀಲಿಗಿಂತ ಗಾತ್ರ ತುಸು ದೊಡ್ಡದು, ಮರ್ಯಾದೆ ತುಸು ಚಿಕ್ಕದು.

ಆ ಬೇಸಿಗೆಯಲ್ಲಿ ಅವನಿಗೆ ಸಿಕ್ಕಿದ್ದು ಕ್ರಿಸ್‌ಮಸ್ ಕುರಿತ ಒಂದು ಕುಟುಂಬ ಹಾಸ್ಯಚಿತ್ರ. ಅಪ್ಪ ಏಣಿಯಿಂದ ಬೀಳುತ್ತಾನೆ, ಬೀಗರು ಹೇಳದೆ ಕೇಳದೆ ಬಂದಿಳಿಯುತ್ತಾರೆ, ನಾಯಿ ಕೇಕಿನ ಮೇಲೆ ಮಲಗುತ್ತದೆ, ಕೊನೆಗೆ ಎಲ್ಲರೂ ತಬ್ಬಿಕೊಳ್ಳುತ್ತಾರೆ. ನಿರ್ದೇಶಕನಿಗೆ ಪ್ರೇಕ್ಷಕರ ಬುದ್ಧಿಯ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ಅಪ್ಪ ಬಿದ್ದರೆ ಟ್ರಾಂಬೋನ್ ಅನ್ನುವ ಊದುವಾದ್ಯದ ಸ್ವರವೂ ಜಾರಬೇಕು, ಇಲ್ಲದಿದ್ದರೆ ಬಿದ್ದದ್ದು ಜನಕ್ಕೆ ತಿಳಿಯುವುದಿಲ್ಲವಂತೆ. ಹಿಮ ಕಂಡಲ್ಲೆಲ್ಲ ಜಿಂಗಲ್ ಬೆಲ್ಸ್ ಹಾಡಿನ ಗೆಜ್ಜೆಗಂಟೆ ಬೇಕು. ಹಿಮ ಕಾಣದಿದ್ದರೆ ಇನ್ನೂ ಜೋರಾಗಿ ಬೇಕು, ಹಬ್ಬ ಮರೆತುಹೋದೀತು. ಸದ್ದು ಮಾಡುತ್ತದೆಂದು ಫ್ಯಾನು ಆರಿಸಿದ ಸ್ಟುಡಿಯೋದಲ್ಲಿ ನಾವೆಲ್ಲ ಬೆವರು ಸುರಿಸುತ್ತ ಚಳಿಗಾಲವನ್ನು ನುಡಿಸಿದೆವು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವ ಪ್ರಶ್ನೆಯೇ ಅಲ್ಲಿರಲಿಲ್ಲ. ಅಣ್ಣ ನಾಯಿಗೂ ಬೀಗರಿಗೂ ಸೇರಿಸಿ ಕಟ್ಟಿದ್ದ.

ಒಂದು ದೃಶ್ಯ ಮಾತ್ರ ಅವನ ಕೈಗೆ ಸಿಗಲಿಲ್ಲ. ಹಬ್ಬದೂಟ ಮುಗಿದ ಮೇಲೆ ಚಿತ್ರದ ತಾಯಿ ಒಬ್ಬಳೇ ನಿಂತು ಪಾತ್ರೆ ತೊಳೆಯುತ್ತಾಳೆ. ಮಾತಿಲ್ಲ. ಅಲ್ಲಿಗೂ ಗಂಟೆ ಹಾಕಿ ನೋಡಿದ. ನಿರ್ದೇಶಕನಿಗೇ ನಾಚಿಕೆಯಾಯಿತು ಅಂದರೆ ಊಹಿಸಿಕೊಳ್ಳಿ. ಆಮೇಲೆ ಅಣ್ಣ ನನ್ನ ಮನೆಗೆ ಬಂದು, ಇಂಥ ಚಿಲ್ಲರೆ ದೃಶ್ಯಕ್ಕೆ ತಲೆ ಕೆಡಿಸಿಕೊಳ್ಳಲು ತನಗೆ ಪುರುಸೊತ್ತಿಲ್ಲ, ಹಿಂದಿನ ಸಲದಂತೆ ನೀನೇ ಏನಾದರೂ ಗೀಚಿಕೊಡು ಎಂದ. ಹಿಂದಿನ ಸಲ ಗೀಚಿಕೊಟ್ಟದ್ದು, ಅದರ ಹಿಂದಿನ ಸಲದ್ದು, ಎಲ್ಲವೂ ಮೇಷ್ಟ್ರ ಹೆಸರಿನಲ್ಲೇ ಹೋಗಿತ್ತು. ನನಗೆ ರೇಗಿತು.

“ಈ ಸಲ ಪರದೆ ಮೇಲೆ ನನ್ನ ಹೆಸರು ಬರಬೇಕು,” ಅಂದೆ.

“ಬರುತ್ತೆ ಬಿಡು. ನೀನೇನು ಹೊರಗಿನವಳಾ?”

ಬರೆದೆ. ಒಂದೇ ಒಂದು ವಯೊಲಾ, ಗಂಟೆಯ ಸುಳಿವಿಲ್ಲ. ರೆಕಾರ್ಡಿಂಗಿನ ದಿನ ನಾನು ನುಡಿಸಿ ಕಮಾನು ಕೆಳಗಿಳಿಸಿದಾಗ ಟ್ರಾಂಬೋನಿನವನು ಕೂಡ ಮೂಗು ಒರೆಸಿಕೊಂಡ. ನಿರ್ದೇಶಕ ಹೋಗಿ ಅಣ್ಣನ ಕೈ ಕುಲುಕಿದ. ಅಣ್ಣ ವಿನಯದಿಂದ ತಲೆ ತಗ್ಗಿಸಿದ, ಅಭ್ಯಾಸಬಲ.

ಚಿತ್ರ ತೆರೆಕಂಡ ದಿನ ಅಮ್ಮನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ನೋಡಿದೆವು. ಪಾತ್ರೆ ತೊಳೆಯುವ ದೃಶ್ಯ ಬಂದಾಗ ಅಮ್ಮ ಸೆಟೆದು ಕೂತಳು. ಕೊನೆಯಲ್ಲಿ ಹೆಸರುಗಳು ಏರತೊಡಗಿದವು. ಸಂಗೀತ ಎಂದು ಅಣ್ಣನ ಹೆಸರು ಆಳೆತ್ತರದ ಅಕ್ಷರಗಳಲ್ಲಿ ಬಂತು. ನನ್ನ ಹೆಸರೂ ಬಂತು, ಸುಳ್ಳು ಹೇಳಬಾರದು. ನಾಯಿ ನೋಡಿಕೊಂಡವರ ಕೆಳಗೆ, ಊಟ ಒದಗಿಸಿದವರ ಮೇಲೆ: ಗೆಜ್ಜೆಗಂಟೆ. ನಾನು ಜನ್ಮದಲ್ಲಿ ಗಂಟೆ ಮುಟ್ಟಿದವಳಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಹೊರಗೆ ಬಂದಾಗ ಜನ ಅಣ್ಣನನ್ನು ಮುತ್ತಿಕೊಂಡರು. ಆ ಪಾತ್ರೆ ತೊಳೆಯುವಾಗಿನ ಸಂಗೀತ ಎಲ್ಲಿಂದ ಹೊಳೆಯಿತೆಂದು ಯಾರೋ ಕೇಳಿದರು. ತಾಯಂದಿರ ಮೌನವನ್ನು ತಾನು ಚಿಕ್ಕಂದಿನಿಂದ ಆಲಿಸುತ್ತ ಬಂದಿದ್ದೇನೆ ಎಂದು ಅವನು ಶುರುಮಾಡಿದ.

“ಮೌನ ಎಲ್ಲಿತ್ತೋ? ಅದು ನಾನು ಪಾತ್ರೆ ತೊಳೀವಾಗ ಗುನುಗೋದು,” ಅಂದಳು ಅಮ್ಮ. “ನೀನು ಯಾವತ್ತು ಅಡುಗೆಮನೆಗೆ ಕಾಲಿಟ್ಟಿದ್ದೆ?”

ಸುತ್ತಲಿನವರು ನಕ್ಕರು. ಅಣ್ಣ ಇಂಗು ತಿಂದ ಮಂಗನಂತಾದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅಮ್ಮ ನನ್ನ ಕಡೆ ತಿರುಗಿದಳು.

“ನೀನು ಬರ್ತಿದ್ದೆ, ಒಪ್ತೀನಿ. ಪಕ್ಕದಲ್ಲೇ ನಿಂತು ತಟ್ಟೆ ಒರೆಸಿಡ್ತಿದ್ದೆ. ನಿನಗೆ ಗಂಟೆಯಾದ್ರೂ ಸಿಕ್ತು. ನನ್ನ ಹೆಸರು ಎಲ್ಲಿ ಹಾಕ್ಸಿದ್ದೀಯ?”

‘ನೀನೇನು ಹೊರಗಿನವಳಾ’ ಅನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು.