ಬಣ್ಣ ಬಿಟ್ಟ ಮೀನುಗಳು

ಬೆಳಿಗ್ಗೆ ಸಾಕುಮೀನಿನ ಅಂಗಡಿಯವನು ಗಾಜಿನ ತೊಟ್ಟಿಗಳನ್ನು ಒರೆಸುತ್ತಿದ್ದಾಗ ಹಿರಿಯ ಹೆಂಗಸೊಬ್ಬರು ಸೊಸೆಯೊಂದಿಗೆ ಒಳಗೆ ಬಂದರು. ಸೊಸೆಯ ಕೈಯಲ್ಲೊಂದು ಡಬ್ಬಿ. ಅದರೊಳಗೆ ಅವನೇ ಮಾರಿದ್ದ ಪುಟ್ಟ ಟೆಟ್ರಾ ಮೀನುಗಳು ಒಂದನ್ನೊಂದು ಬಿಟ್ಟಿರಲಾರದಂತೆ ಗುಂಪಾಗಿ ಸುತ್ತುತ್ತಿದ್ದವು. ಕೊಂಡಾಗ ಗುಲಾಬಿ, ನೀಲಿ, ಹಸಿರು ಬಣ್ಣಗಳಿಂದ ಮಿಂಚುತ್ತಿದ್ದ ಮೀನುಗಳು ಈಗ ಬರೀ ಪೇಲವ ಬಿಳಿ.

"ನೋಡಪ್ಪಾ, ಹೇಗಿದ್ದವು ಹೇಗಾಗಿವೆ! ಆಸೆಪಟ್ಟು ತಂದಿದ್ದೆ. ಇವಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು."

"ಚೆನ್ನಾಗೇ ನೋಡ್ಕೊಂಡಿದ್ದೆ ಅತ್ತೆ..."

"ನೋಡ್ಕೊಂಡಿದ್ಳಂತೆ!"

ಅಂಗಡಿಯವನಿಗೆ ನಿಜ ಗೊತ್ತಿತ್ತು. ಮೀನಿನ ಮೈಗೆ ಸೂಜಿ ಚುಚ್ಚಿ ತುಂಬಿದ ಬಣ್ಣ ಅದು. ಎಷ್ಟೇ ಮುದ್ದಿನಿಂದ ಸಾಕಿದರೂ ಬಿಟ್ಟುಹೋಗುವಂಥದ್ದು. ಬಣ್ಣದ ಮೀನಿಗೇ ಗಿರಾಕಿ ಹೆಚ್ಚೆಂದು ಅವನೂ ಕಂಡೂ ಕಾಣದಂತೆ ತರಿಸುತ್ತಿದ್ದ. ಈಗಲೂ ನಿಜ ಹೇಳಲು ನಾಲಿಗೆ ಹೊರಳಲಿಲ್ಲ.

"ನೀರು ಬದಲಾಯಿಸೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿರ್ಬೇಕಮ್ಮಾ" ಎಂದುಬಿಟ್ಟ. ಸೊಸೆ ತಲೆ ತಗ್ಗಿಸಿದಳು.

ಮರುದಿನ ಸಂಜೆ ಅವಳೊಬ್ಬಳೇ ಬಂದಳು.

"ಅಣ್ಣಾ, ನೀರು ಹೇಗೆ ಬದಲಾಯಿಸ್ಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ಹೋದ ವರ್ಷ ನನ್ನ ಮಗು ಹುಟ್ಟಿ ವಾರಕ್ಕೇ ತೀರಿಹೋಯ್ತು. ಈಗ ಇವೂ ಹೀಗಾದ್ವು. 'ನಿನ್ನ ಕೈಲಿ ಏನೂ ಉಳಿಯಲ್ಲ' ಅಂತಾರೆ ಅತ್ತೆ. ನನಗೂ ಹಾಗೇ ಅನ್ನಿಸೋಕೆ ಶುರುವಾಗಿದೆ."

ಕಪಾಳಕ್ಕೆ ಹೊಡೆದಂತಾಯಿತು ಅವನಿಗೆ. "ನಿಮ್ಮ ತಪ್ಪೇನೂ ಇಲ್ಲಮ್ಮ" ಎಂದು ತಡವರಿಸುತ್ತಾ ಎಲ್ಲವನ್ನೂ ಹೇಳಿದ.

"ನಾನು ಹೇಳಿದ್ರೆ ಮನೇಲಿ ಯಾರು ನಂಬ್ತಾರೆ?" ಎಂದಳು ಅವಳು.

ಅವನು ಅಂಗಡಿಯ ಬಾಗಿಲೆಳೆದು ಅವಳ ಜೊತೆಯಲ್ಲೇ ಹೊರಟ.

ಅತ್ತೆಯ ಮುಂದೆ ಅದೇ ಮಾತು ಹೇಳುವಾಗ ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

"ನಿನ್ನೆ ಬಾಯಿಗೆ ಬೀಗ ಬಿದ್ದಿತ್ತಾ?" ಅವರು ರೇಗಿದರು. "ನಿನ್ನ ಮಾತು ಕೇಳಿ ಈ ಹುಡುಗಿಗೆ ಬಾಯಿಗೆ ಬಂದ ಹಾಗೆ ಅಂದೆನಲ್ಲ!"

"ತಪ್ಪಾಯ್ತಮ್ಮಾ. ವ್ಯಾಪಾರ ಕೆಡುತ್ತೆ ಅಂತ ಸುಳ್ಳು ಹೇಳಿದೆ."

ಅವರು ಇನ್ನೂ ಏನೋ ಹೇಳಹೊರಟವರು ಬಾಗಿಲ ಪಕ್ಕ ನಿಂತ ಸೊಸೆಯನ್ನು ಕಂಡು ತಡೆದರು. ದನಿ ಇಳಿಯಿತು.

"ಮೀನಿನ ಸುಳ್ಳು ನಿನ್ನದು. ಮಗುವಿನ ಮಾತು ಮಾತ್ರ ನನ್ನದೇ. ಅದನ್ನ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ."

ಎದ್ದು ಹೋಗಿ ಸೊಸೆಯ ಕೈ ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಲ್ಲಿ ನಿಂತಿರುವ ಯೋಗ್ಯತೆ ತನಗಿಲ್ಲ ಎನ್ನಿಸಿ ಅವನು ಸದ್ದಿಲ್ಲದೆ ಮೆಟ್ಟಿಲಿಳಿದ.

ಅಂಗಡಿ ಮತ್ತೆ ತೆರೆಯುತ್ತಲೇ ಗಿರಾಕಿಯೊಬ್ಬ ಗುಲಾಬಿ ಮೀನುಗಳತ್ತ ಕೈ ತೋರಿಸಿದ.

"ಅವು ಮಾರಾಟಕ್ಕಿಲ್ಲ ಸ್ವಾಮಿ. ಸೂಜಿ ಚುಚ್ಚಿ ತುಂಬಿದ ಬಣ್ಣ ಅದು, ಹೋಗಿಬಿಡುತ್ತೆ."

"ಗೊತ್ತಿದ್ದೂ ಯಾಕ್ರೀ ತಂದಿಟ್ರಿ?"

"ನಾಚಿಕೆ ಇರಲಿಲ್ಲ" ಎಂದ ಅಂಗಡಿಯವನು.