ತೊಳೆದಿಟ್ಟ ಪಾಕೀಟು

ನಾನು ಅರ್ಧ ಲೀಟರಿನ ಒಂದು ಹಾಲಿನ ಪಾಕೀಟು. ಉದ್ದನೆಯ ಪ್ಲಾಸ್ಟಿಕ್ ಸುರುಳಿಯ ತುಂಡಾಗಿ ಹುಟ್ಟಿ, ಡೇರಿಯ ಯಂತ್ರದಲ್ಲಿ ಹಾಲು ತುಂಬಿಸಿಕೊಂಡು, ಬೆಳಕು ಹರಿಯುವ ಹೊತ್ತಿಗೆ ಧಾರವಾಡದ ಓಣಿಯೊಂದಕ್ಕೆ ಬಂದೆ. ನನ್ನಂಥವರ ಬದುಕು ಒಂದೇ ದಿನದ್ದು. ಹಾಲು ಪಾತ್ರೆಗೆ ಇಳಿದರೆ ಮುಗಿಯಿತು.

ಆದರೆ ನಾನು ಸೇರಿದ್ದು ವತ್ಸಲಾಬಾಯಿಯವರ ಮನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನನ್ನ ಮೂಲೆಯನ್ನು ಅವರು ಪೂರ್ತಿ ಕತ್ತರಿಸಲಿಲ್ಲ. ಆ ಚೂರು ಉದುರಿ ಕಳೆದುಹೋಗಬಾರದೆಂದು ಒಂದೆಳೆ ಅಂಟಿಕೊಂಡೇ ಇರುವಂತೆ ಬಿಟ್ಟರು. ಒಳಗೆ ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು, ನನ್ನನ್ನು ಅಡುಗೆಮನೆಯ ಟೈಲ್ಸಿಗೆ ಅಂಟಿಸಿದರು. ಒಣಗಿದ ಮೇಲೆ ಇನ್ನಾರು ಪಾಕೀಟುಗಳ ಜೊತೆ ಸೇರಿಸಿ, ಹಳೆಯ ಇಳಕಲ್ ಸೀರೆಯ ಕೆಂಪು ಅಂಚಿನಿಂದ ಗಂಟು ಕಟ್ಟಿದರು.

"ನಿಮಗ ಇನ್ನೊಂದು ಜನ್ಮ ಅದ," ಎಂದು ನಮ್ಮನ್ನು ತಟ್ಟಿದರು.

ಮರುದಿನ ಹಾಡು ಹಾಕಿಕೊಂಡು ಕಸದ ಗಾಡಿ ಬಂತು. ಗಾಡಿಯ ಜೊತೆ ಬರುವವಳು ಫಕ್ಕೀರವ್ವ. ಬಾಯಿಯವರು ತಾವು ಕುಡಿಯುವಂಥದೇ ಲೋಟದಲ್ಲಿ ಅವಳಿಗೆ ಚಹಾ ಕೊಟ್ಟರು.

"ಹ್ವಾದ ವಾರದ ಗಂಟು ಏನಾತು, ಫಕ್ಕೀರವ್ವ?"

"ಬಕೀಟ ಆಗಿರ್ತಾವ್ರೀ ಬಾಯಾರ." ಅವಳು ಚಹಾವನ್ನೇ ನೋಡುತ್ತಿದ್ದಳು.

"ಯಾವ ಬಣ್ಣದ್ದು?"

"ನೀಲಿದ್ರೀ."

ಬಾಯಿಯವರ ಮುಖ ಅರಳಿತು. ನಾನೂ ನಂಬಿದೆ. ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ನೀಲಿ ಬಕೀಟಾಗುವ ಕನಸು ಕಂಡೆ.

ರೈಲ್ವೆ ಗೇಟಿನ ಬಳಿ ದೊಡ್ಡ ಲಾರಿ ನಿಂತಿತ್ತು. ನಮ್ಮ ಗಾಡಿಗೆ ಹಸಿಕಸ, ಒಣಕಸ ಎಂದು ಎರಡು ಪೆಟ್ಟಿಗೆ. ಲಾರಿಗೆ ಒಂದೇ ಬಾಯಿ.

"ಈ ಗಂಟರೆ ಬ್ಯಾರೆ ಇಡೋ," ಎಂದು ಫಕ್ಕೀರವ್ವ ಲಾರಿಯ ಡ್ರೈವರನನ್ನು ಕೇಳಿದಳು.

"ಎಲ್ಲಿ ಇಡ್ಲಿ ಯವ್ವಾ, ನನ್ನ ತಲೀ ಮ್ಯಾಲ? ಒಣಕಸದ ಶೆಡ್ಡಿಗೆ ಕೀಲಿ ಹಾಕಿ ಆರು ತಿಂಗಳಾತು. ಬಾಯಾರಿಗೆ ಖರೇನ ಹೇಳಿಬಿಡು."

"ಹೆಂಗ ಹೇಳ್ಲೋ? ತೊಳದು, ಒಣಗಿಸಿ, ಸೀರಿ ಅಂಚಿಲೆ ಕಟ್ಟಿ ಕೊಡ್ತಾರ."

ಗಂಟಿಗೆ ಮೆತ್ತಿದ್ದ ಕೊಳೆಯನ್ನು ಅವಳು ಸೆರಗಿನಿಂದ ಒರೆಸಿದಳು. ಆಮೇಲೆ ಲಾರಿಯ ಬಾಯಿಗೆ ಹಾಕಿದಳು. ನನ್ನ ಮೇಲೆ ಯಾರದೋ ಮನೆಯ ಹಳಸಿದ ಸಾರು ಬಿತ್ತು.

ಈಗ ಊರಾಚೆಯ ಕಸದ ಗುಡ್ಡದ ಮೇಲಿದ್ದೇನೆ. ನನ್ನನ್ನು ಮುಟ್ಟಿದ ಕೈಗಳೆಲ್ಲ ಮೃದುವಾಗಿಯೇ ಇದ್ದವು. ಅದನ್ನು ನೆನೆದಾಗಲೇ ಹೆಚ್ಚು ನೋಯುತ್ತದೆ. ಒರಟು ಕೈಯಾಗಿದ್ದರೆ ನಾನು ನಂಬುತ್ತಲೇ ಇರಲಿಲ್ಲ.

ನಿನ್ನೆ ನನ್ನ ಪಕ್ಕಕ್ಕೆ ಹೊಸ ಗಂಟೊಂದು ಬಿತ್ತು. ಅದೇ ಕೆಂಪು ಅಂಚು. ಮೂಲೆಗಳೆಲ್ಲ ಒಂದೆಳೆಯಲ್ಲಿ ಅಂಟಿಕೊಂಡೇ ಇದ್ದವು. ಬಾಯಿಯವರಿಗೆ ಯಾರೂ ಇನ್ನೂ ಹೇಳಿಲ್ಲ.

"ಬಕೀಟ ಮಾಡೂದು ಇಲ್ಲೇ ಏನು?" ಎಂದು ಅದರೊಳಗಿನ ಪಾಕೀಟೊಂದು ಕೇಳಿತು. ಅದರ ಮೈ ಇನ್ನೂ ಹೊಳೆಯುತ್ತಿತ್ತು.

ನಾನು ಬೇರೆ ಕಡೆ ನೋಡಿದೆ.

"ಹೌದು," ಎಂದೆ. "ನೀಲಿದು."