ಆಕಾಶದ ಹಾಜರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಸುಳ್ಳಲ್ಲ. ಆದರೆ ನೀವೇ ಹೇಳಿ, ವಿಶ್ವವಿದ್ಯಾಲಯದಲ್ಲಿ ಇಷ್ಟು ವರ್ಷ ಮೋಡ, ಮಳೆ, ಗಾಳಿಯ ಪಾಠ ಮಾಡಿ ತಲೆ ನರೆಸಿಕೊಂಡವಳನ್ನು ಕೂರಿಸಿ, ಆನ್‌ಲೈನಿನಲ್ಲಿ ಪಾಠ ಮಾಡುವುದು ಹೇಗೆ ಎಂದು ತರಬೇತಿ ಕೊಡಲು ಬಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಒಲ್ಲೆ ಎನ್ನುವಂತಿರಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು.

"ಮೇಡಂ, ನಿಮ್ಮ ಕ್ಲಾಸಲ್ಲಿ ಒಬ್ರೂ ಬಾಯಿ ಬಿಡಲ್ಲ. ಮಾತಾಡೋದು ನೀವೊಬ್ರೇ ಅಂದ್ಮೇಲೆ ರೆಕಾರ್ಡ್ ಮಾಡಿ ಹಾಕಿದ್ರೆ ಸಾಕಲ್ವಾ? ತರಬೇತಿ ಮುಗಿಸಿ, ಆಮೇಲೆ ಒಂದು ಕ್ಲಾಸಿಗೆ ನಾನೇ ಬಂದು ಕೂತ್ಕೋತೀನಿ. ಆಗ್ಲೂ ಹೀಗೇ ಇದ್ರೆ ವಿಡಿಯೋನೇ ಗತಿ."

ಆ ಕ್ಲಾಸು ನನ್ನ ಜೀವ. ಮಧ್ಯಾಹ್ನ ಪುಸ್ತಕದ ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ, ಕಿಟಕಿಯ ಪರದೆ ದಾಟಿ ಬಂದ ಬಿಸಿಲು ಮೇಜಿನ ಮೇಲೆ ನಿಧಾನವಾಗಿ ತೆವಳುತ್ತದೆ. ಎದುರಿಗೆ ಕಂಪ್ಯೂಟರಿನಲ್ಲಿ, ಕ್ಯಾಮೆರಾ ಆರಿಸಿ ಕೂತ ಮಕ್ಕಳ ಸಾಲು ಸಾಲು ಕಪ್ಪು ಚೌಕಗಳು. ಒಬ್ಬರ ಮುಖವೂ ಕಾಣುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಕುರ್ಚಿ ನೆಲ ಬಿಟ್ಟು ಮೇಲೇರಿದ ಹಾಗೆ, ಕೆಳಗೆ ಎಲ್ಲೋ ಯಾರೋ ಕತ್ತೆತ್ತಿ ಕೇಳಿಸಿಕೊಳ್ಳುತ್ತಿರುವ ಹಾಗೆ ಅನಿಸುತ್ತದೆ. ಅದನ್ನು ಕಳೆದುಕೊಳ್ಳುವುದೆಂದರೆ ನನಗೆ ನಿಜಕ್ಕೂ ಭಯವಾಯಿತು.

ತರಬೇತಿಯೂ ಆನ್‌ಲೈನಿನಲ್ಲೇ, ಕೊಡುವವಳು ನನ್ನ ಮಗಳ ವಯಸ್ಸಿನವಳು. ಮೊದಲ ದಿನವೇ ನನ್ನ ಹಳೆಯ ಕ್ಲಾಸೊಂದನ್ನು ಎಲ್ಲ ಅಧ್ಯಾಪಕರ ಮುಂದೆ ಹಾಕಿ ತೋರಿಸಿದಳು. ಅಯ್ಯೋ, ನನ್ನ ಮರ್ಯಾದೆಯೇ! ಎರಡು ಮಾತಿಗೊಮ್ಮೆ "ನನ್ನ ಧ್ವನಿ ಕೇಳಿಸ್ತಿದ್ಯಾ?" ಎನ್ನುತ್ತಿದ್ದೇನೆ. ಪ್ರಶ್ನೆ ಕೇಳುತ್ತೇನೆ, ಮಕ್ಕಳು ಉಸಿರೆಳೆದುಕೊಳ್ಳುವುದರೊಳಗೆ ಉತ್ತರವನ್ನೂ ನಾನೇ ಹೇಳಿ ಮುಗಿಸುತ್ತೇನೆ. ಪಕ್ಕದಲ್ಲಿ ಹಾಯುತ್ತಿದ್ದ ಯಜಮಾನರು ಬಾಗಿಲಲ್ಲೇ ನಿಂತು ನಕ್ಕರು.

"ಊಟಕ್ಕೆ ಕೂತಾಗ್ಲೂ ಉಪ್ಪು ಕೊಡಿ, ಕೇಳಿಸ್ತಿದ್ಯಾ ಅಂತೀಯಲ್ಲೇ. ಕೇಳಿಸುತ್ತೆ ಕಣೇ, ಬೀದಿಗೆಲ್ಲ ಕೇಳಿಸುತ್ತೆ."

"ರೀ, ನೀವು ನಡೀರಿ ಒಳಗೆ!" ಎಂದು ಗದರಿದೆ.

ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಈಗ ನಾನು ನಿಮಗೆ ಒಂದು ಪ್ರಶ್ನೆ ಕೇಳ್ತೀನಿ. ಯಾರು ಬೇಕಾದ್ರೂ ಉತ್ತರ ಹೇಳ್ಬಹುದು," ಎಂದಳು. ಅಷ್ಟೇ! ದೊಡ್ಡ ದೊಡ್ಡ ಅಧ್ಯಾಪಕರೆಲ್ಲ ಪಟಪಟನೆ ಕ್ಯಾಮೆರಾ ಆರಿಸಿ ಕಪ್ಪು ಚೌಕಗಳಾದರು. ನೋಡಿದರೆ ನನ್ನ ಬೆರಳೂ ಆರಿಸುವ ಗುಂಡಿಯ ಮೇಲಿತ್ತು. ತಪ್ಪು ಹೇಳಿ ನಾಲ್ಕು ಜನರೆದುರು ನಗೆಪಾಟಲಾಗುವುದು ಯಾರಿಗೆ ಬೇಕು? ಪಾಪ, ನನ್ನ ಕ್ಲಾಸಿನ ಮಕ್ಕಳಿಗೂ ಹೀಗೇ ಆಗುತ್ತಿರಬೇಕು ಎಂದುಕೊಂಡೆ.

"ತಪ್ಪಾಗೋಕೆ ಸಾಧ್ಯವೇ ಇಲ್ಲದ ಪ್ರಶ್ನೆ ಕೇಳಿ ಮೇಡಂ," ಎಂದಳು ಕೊನೆಗೆ. "ಆಮೇಲೆ ಸುಮ್ನಿರಿ. ಎಷ್ಟು ಭಯ ಆದ್ರೂ ಸುಮ್ನಿರಿ."

"ಹುಟ್ಟಿದಾಗಿಂದ ಅದೊಂದನ್ನೇ ನಾನು ಕಲ್ತಿಲ್ಲಮ್ಮ," ಎಂದೆ.

ಮುಖ್ಯಸ್ಥರು ಬರುವ ದಿನ ಬಂತು. ಅವರದೂ ಒಂದು ಕಪ್ಪು ಚೌಕ, ಮೂಲೆಯಲ್ಲಿ.

"ಪುಸ್ತಕ ಮುಚ್ಚಿಡಿ. ನಿಮ್ಮ ನಿಮ್ಮ ಕಿಟಕಿ ಹತ್ರ ಹೋಗಿ, ಆಕಾಶದಲ್ಲಿ ಏನಿದೆ ನೋಡಿ ಹೇಳಿ," ಎಂದೆ. ಬಾಯಿಯ ಮೇಲೆ ಬೆರಳಿಟ್ಟುಕೊಂಡೆ.

ಯಾರೂ ಮಾತಾಡಲಿಲ್ಲ. 'ಕೇಳಿಸ್ತಿದ್ಯಾ' ನಾಲಿಗೆಯ ತುದಿಗೆ ಬಂತು, ಕಚ್ಚಿ ಹಿಡಿದೆ. ಮುಗಿಯಿತು, ಇನ್ನು ವಿಡಿಯೋನೇ ಎಂದುಕೊಂಡೆ. ಕಿಟಕಿಯ ಪರದೆ ಉಬ್ಬಿ ಇಳಿಯಿತು. ಎಲ್ಲಿಂದಲೋ ಫ್ಯಾನಿನ ಸದ್ದು ಬಂತು. ಯಾರದೋ ಮನೆಯಲ್ಲಿ ಕುರ್ಚಿ ಎಳೆದರು, ಇನ್ನಾರೋ ಕಿಟಕಿಯ ಚಿಲಕ ತೆಗೆದರು.

"ಮೇಡಂ, ಇಲ್ಲಿ ಬಿಳೀದು, ತೇಪೆ ತೇಪೆ."

"ನಮ್ಮಲ್ಲಿ ಒಂದೂ ಇಲ್ಲ ಮೇಡಂ. ಬರೀ ನೀಲಿ."

"ಇಲ್ಲಿ ಕಪ್ಪಗೆ ಕವಿದಿದೆ. ಅಮ್ಮ ಬಟ್ಟೆ ತೆಗಿ ಅಂತ ಕಿರುಚ್ತಿದಾಳೆ, ಒಂದ್ನಿಮಿಷ!"

ನಗು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಒಬ್ಬರ ಮೋಡದ ಅಂಚಿಗೆ ಇನ್ನೊಬ್ಬರ ನೀಲಿ ಬಂದು ಕೂಡಿತು, ಅದರ ಪಕ್ಕಕ್ಕೆ ಮತ್ತೊಬ್ಬರ ಮಳೆ. ಕೋಣೆಯ ಚಾವಣಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಷ್ಟು ಸುಖ ನನಗೆ ಯಾವ ಕ್ಲಾಸಿನಲ್ಲೂ ಆಗಿರಲಿಲ್ಲ.

ಆಗ ತೀರ ಸಣ್ಣ ದನಿಯೊಂದು ಬಂತು.

"ಮೇಡಂ... ನನ್ನ ಧ್ವನಿ ಕೇಳಿಸ್ತಿದ್ಯಾ?"

ಕಣ್ಣು ಬಿಟ್ಟೆ. ವರ್ಷವೆಲ್ಲ ಒಂದಕ್ಷರ ಆಡದೆ ಕೂತಿದ್ದ ಹುಡುಗಿ. ಮನಸ್ಸಿನಲ್ಲೇ ಅವಳನ್ನು ಮೌನಗೌರಿ ಎಂದು ಬೈದುಕೊಳ್ಳುತ್ತಿದ್ದೆ.

"ಕೇಳಿಸ್ತಿದೆ, ಹೇಳಮ್ಮ."

"ನಾನು ಅಂಗಡೀಲಿ ಕೆಲಸ ಮಾಡೋದು ಮೇಡಂ. ಕ್ಲಾಸಿನ ಹೊತ್ತಿಗೆ ಹಿಂದ್ಗಡೆ ಸಾಮಾನಿನ ಕೋಣೇಲಿ ಕೂತ್ಕೋತೀನಿ. ಇಲ್ಲಿ ಕಿಟಕಿ ಇಲ್ಲ. ಅವ್ರೆಲ್ಲ ಹೇಳ್ತಿರೋದನ್ನ ಕೇಳಿಸ್ಕೊಂಡೇ ನೋಡ್ತಿದೀನಿ. ಇನ್ನೂ ಸ್ವಲ್ಪ ಹೇಳೋಕೆ ಹೇಳ್ತೀರಾ?"

ಸುಮ್ಮನಿರುವುದನ್ನು ಈಗ ಯಾರೂ ಕಲಿಸಬೇಕಾಗಿರಲಿಲ್ಲ.

ಮೂಲೆಯ ಚೌಕದಲ್ಲಿ ಯಾರೋ ಕೆಮ್ಮಿದರು. ಕಿಟಕಿಯ ಪರದೆ ಸರಿಸಿದ ಸದ್ದಾಯಿತು.

"ನೋಡಮ್ಮ," ಎಂದರು ಮುಖ್ಯಸ್ಥರು, "ನನ್ನ ಕಿಟಕೀಲಿ ಒಂದೇ ಒಂದು ಮೋಡ ಇದೆ. ಕೆಳಗಡೆ ಚಪ್ಪಟೆ, ಮೇಲೆ ಹತ್ತಿ ಹಿಂಜಿದ ಹಾಗೆ. ಎದುರು ಮನೆ ನೀರಿನ ಟ್ಯಾಂಕ್ ದಾಟ್ತಿದೆ. ಇರು... ಪೂರ್ತಿ ದಾಟ್ಲಿ."

ಎಲ್ಲರೂ ಕಾದೆವು.

"ಹಾಂ, ದಾಟ್ತು. ಮೇಡಂ, ಆ ವಿಡಿಯೋ ಮಾತು ಬಿಟ್ಬಿಡಿ."

"ಆಮೇಲೆ ಯಾವ ಕಡೆ ಹೋಯ್ತು ಸರ್?" ಎಂದಳು ಹುಡುಗಿ.

"ಇರಮ್ಮ, ನಮ್ಮನೆ ಕಡೆ ಬಂತೇನೋ ನಾನು ನೋಡಿ ಹೇಳ್ತೀನಿ," ಎಂದು ನಾನು ಎದ್ದು ನನ್ನ ಕಿಟಕಿಯ ಹತ್ತಿರ ಹೋದೆ.